ಕಂಚಿನ ಪ್ಲೇಟುಗಳು ಹೇಳಬೇಕಿದ್ದ ಮಾತು

ಗೇರ್ ಮೋಟರನ್ನು ಬಿಚ್ಚುವ ಮೊದಲು ಅದರ ಮೈಮೇಲೆ ಉದ್ದಕ್ಕೂ ಒಂದು ಗೆರೆ ಎಳೆಯಬೇಕು. ಮುಂದಿನ ಮುಚ್ಚಳ, ನಡುವಿನ ದೇಹ, ಹಿಂದಿನ ಮುಚ್ಚಳ, ಮೂರರ ಮೇಲೂ ಹಾದುಹೋಗುವ ಒಂದೇ ಗೆರೆ. ಮತ್ತೆ ಜೋಡಿಸುವಾಗ ಯಾವುದು ಯಾವುದರ ಎದುರು ಕೂತಿತ್ತು ಎಂಬುದು ಅದರಿಂದ ಗೊತ್ತಾಗುತ್ತದೆ. ಎರಡು ವರ್ಷದ ಹಿಂದೆ, ವಿಷು ಹಬ್ಬಕ್ಕೆ ಎರಡು ದಿನ ಇರುವಾಗ, ಕೊಚ್ಚಿಯ ಪಕ್ಕದ ತ್ರಿಪ್ಪುಣಿತ್ತುರದ ನನ್ನ ಮನೆಯಲ್ಲಿ ಕೂತು ನಾನು ಬಿಚ್ಚಿದ ಮೋಟರನ್ನು ಮತ್ತೆ ಜೋಡಿಸುವ ಉದ್ದೇಶವೇ ಇರಲಿಲ್ಲ. ಗುಜರಿಗೆ ಹೋಗುವ ಮಾಲು ಅದು. ಆದರೂ ಗೆರೆ ಎಳೆದೆ. ಗೆರೆ ಎಳೆಯದೆ ಸ್ಪ್ಯಾನರ್ ಮುಟ್ಟಿದರೆ ಕೈಮೇಲೆ ಹೊಡೆಯುತ್ತಿದ್ದ ಮನುಷ್ಯರೊಬ್ಬರ ಹತ್ತಿರ ನಾನು ಕೆಲಸ ಕಲಿತವನು. ಆ ದಿನ ಮೋಟರು ಬಿಚ್ಚುತ್ತಿದ್ದದ್ದೂ ಅವರಿಗಾಗಿಯೇ.

ಅವರನ್ನು ನಾವೆಲ್ಲ ಆಶಾನ್ ಎಂದು ಕರೆಯುತ್ತಿದ್ದೆವು. ಮಲಯಾಳದಲ್ಲಿ ಕೈಕೆಲಸದ ಗುರುವಿಗೆ ಹಾಗೆ ಹೇಳುತ್ತಾರೆ. ಅಂಬಲಮುಗಳಿನ ರಿಫೈನರಿಯ ಗೋಡೆ ದಾಟಿದ ಮೇಲೆ ಬರುವ ರಸ್ತೆಯಲ್ಲಿ ನಮ್ಮ ವರ್ಕ್‌ಶಾಪ್. ಕ್ರೇನು, ವಿಂಚು, ಮೀನುದೋಣಿಗಳ ಬಲೆ ಎಳೆಯುವ ಯಂತ್ರ, ಹೀಗೆ ಎಣ್ಣೆಯ ಒತ್ತಡದಿಂದ ನಡೆಯುವ ಎಲ್ಲದರ ರಿಪೇರಿ ಅಲ್ಲಿ. ನಾನು ಕಾಸರಗೋಡಿನಿಂದ ಡಿಪ್ಲೊಮಾ ಸರ್ಟಿಫಿಕೇಟು ಹಿಡಿದುಕೊಂಡು ಬಂದವನು. ನಮ್ಮ ಕುಟುಂಬದಲ್ಲಿ ಎಲ್ಲರೂ ಕೋರ್ಟು ಕಚೇರಿಯವರು, ಬಿಳಿ ಅಂಗಿಯವರು. ಕೈಗೆ ಗ್ರೀಸು ಹಚ್ಚಿಕೊಂಡವನು ನಾನೊಬ್ಬನೇ. ಬಂದ ಮೊದಲ ವಾರ ಆಶಾನ್ ನನ್ನ ಸರ್ಟಿಫಿಕೇಟನ್ನು ಕೇಳಲಿಲ್ಲ, ಹೆಬ್ಬೆರಳಿನ ಉಗುರು ತೋರಿಸು ಎಂದರು. ನಾನು ಉಗುರು ಕಚ್ಚುವವನು. ಅದು ಬೆಳೆಯುವವರೆಗೆ ನನಗೆ ಬರೀ ಬೋಲ್ಟು ತೊಳೆಯುವ ಕೆಲಸ.

ಉಗುರು ಯಾಕೆ ಎಂದು ಹೇಳಬೇಕು. ಈ ಮೋಟರಿನೊಳಗೆ ಎರಡು ಹಲ್ಲಿನ ಚಕ್ರಗಳು ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒತ್ತಡದಿಂದ ನುಗ್ಗಿದ ಎಣ್ಣೆ ಅವುಗಳನ್ನು ತಿರುಗಿಸುತ್ತದೆ. ಚಕ್ರಗಳ ಎರಡೂ ಮಗ್ಗುಲಿಗೆ ಇಂಗ್ಲಿಷಿನ ಎಂಟರ ಅಂಕಿಯ ಆಕಾರದ ಎರಡು ಕಂಚಿನ ಪ್ಲೇಟುಗಳು ಒತ್ತಿಕೊಂಡು ಕೂತಿರುತ್ತವೆ, ಎಣ್ಣೆ ಪಕ್ಕಕ್ಕೆ ಸೋರದ ಹಾಗೆ. ಮೋಟರಿನ ಜೀವ ಇರುವುದು ಆ ಪ್ಲೇಟಿನ ಮುಖದಲ್ಲಿ. ಅದರ ಮೇಲೆ ಉಗುರು ಎಳೆದು ನೋಡಬೇಕು. ಉಗುರು ಜಾರಿದರೆ ಪ್ಲೇಟು ಬದುಕಿದೆ, ಸಿಕ್ಕಿಕೊಂಡರೆ ಸತ್ತಿದೆ. ಆಶಾನ್ ತಮ್ಮ ಬಲಗೈ ಹೆಬ್ಬೆರಳಿನ ಉಗುರನ್ನು ವೀಣೆ ನುಡಿಸುವವರ ಹಾಗೆ ಜೋಪಾನ ಮಾಡಿಕೊಂಡಿದ್ದರು. ಉಗುರು ಎಳೆದ ಮೇಲೆ ಪ್ಲೇಟನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿಯುತ್ತಿದ್ದರು. ಟ್ಯೂಬ್‌ಲೈಟಿನ ಕೆಳಗೆ ಪ್ಲೇಟು ನೋಡುವವನು ಮೆಕ್ಯಾನಿಕ್ಕೇ ಅಲ್ಲ ಎಂಬುದು ಅವರ ಮತ. ಈ ಹಟ ನನಗೂ ಅಂಟಿತು, ಅದಕ್ಕೆ ನಾನು ತೆತ್ತದ್ದು ಮುಂದೆ ಬರುತ್ತದೆ.

ನನಗೆ ಸೂಪರ್‌ವೈಸರ್ ಎಂದು ಭಡ್ತಿಯಾದ ದಿನ ಅವರು ತಮಾಷೆಗೆ 'ಸಾರೇ' ಎಂದು ಕರೆಯಲು ಶುರು ಮಾಡಿದರು. ಬೇಡ ಎಂದು ನಾನು ಎಷ್ಟು ಗೋಗರೆದರೂ ಬಿಡಲಿಲ್ಲ, ಆಮೇಲೆ ಅದು ಹಾಗೆಯೇ ಉಳಿಯಿತು. ಅವರ ಮಾತೆಲ್ಲ ಮಲಯಾಳ. ನಾನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಅವರು ಒಂದಕ್ಷರ ಕನ್ನಡ ಬಲ್ಲವರಲ್ಲ.

ಆ ಮೋಟರು ಕೊಚ್ಚಿಯ ಹಿನ್ನೀರಿನ ದಂಡೆಯ ಒಂದು ಸಣ್ಣ ದೋಣಿಕಟ್ಟೆಯದು. ಮೀನುದೋಣಿಗಳನ್ನು ಬಣ್ಣ ಬಳಿಯಲು, ಹಲಗೆ ಬದಲಿಸಲು ಇಳಿಜಾರಿನ ಮೇಲೆ ಹಗ್ಗ ಕಟ್ಟಿ ಎಳೆಯುವ ವಿಂಚಿಗೆ ಅದು ಜೋಡಿಸಿತ್ತು. ನಾನು ಹೇಳುತ್ತಿರುವ ವಿಷುವಿಗೆ ಕೆಲವು ವರ್ಷ ಮೊದಲು ಆಶಾನ್ ಅದನ್ನು ನಮ್ಮಲ್ಲಿ ಬಿಚ್ಚಿ, ಪ್ಲೇಟುಗಳನ್ನು ಹಿಂದಿನಿಂದ ಒತ್ತಿ ಹಿಡಿಯುವ ಹೊಸ ರಬ್ಬರ್ ಸೀಲು ಹಾಕಿ, ಕಟ್ಟಿ ಕೊಟ್ಟರು. ಪರೀಕ್ಷೆಯ ಬೆಂಚಿನ ಮೇಲೆ ಅರ್ಧ ಗಂಟೆ ಚೆನ್ನಾಗಿಯೇ ತಿರುಗಿತು, ನಾನೇ ನಿಂತು ನೋಡಿದ್ದೆ. ತಿಂಗಳ ನಂತರ ಒಂದು ದಿನ ದೋಣಿ ಅರ್ಧ ಮೇಲೆ ಬಂದಾಗ ಮೋಟರು ಇದ್ದಕ್ಕಿದ್ದ ಹಾಗೆ ಶಕ್ತಿ ಕಳೆದುಕೊಂಡಿತು. ಬ್ರೇಕು ಹಿಡಿಯುವಷ್ಟರಲ್ಲಿ ದೋಣಿ ಮೂರು ಅಡಿ ಹಿಂದೆ ಜಾರಿತ್ತು. ದೋಣಿ ಕೂತಿದ್ದ ಗಾಡಿಯ ಚಕ್ರಗಳ ಹಿಂದೆ ಮರದ ಅಡೆ ಇಡುತ್ತಿದ್ದ ಮನುಷ್ಯ ಆ ಮೂರು ಅಡಿಯೊಳಗೆ ಇದ್ದ. ಅವನ ಜೀವ ಆಸ್ಪತ್ರೆಯವರೆಗೂ ನಿಲ್ಲಲಿಲ್ಲ.

ಪೊಲೀಸರು ಬಂದರು, ವಿಮೆಯವರು ಬಂದರು, ಮೋಟರಿನ ಫೋಟೋ ತೆಗೆದರು. ಯಂತ್ರದ ದೋಷ ಎಂದು ಬರೆದು ಎಲ್ಲರೂ ಕೈತೊಳೆದುಕೊಂಡರು. ಯಾರೂ ಅದನ್ನು ಬಿಚ್ಚಲಿಲ್ಲ. ನಮ್ಮ ಯಜಮಾನರೂ ಮುಗಿದದ್ದನ್ನು ಕೆದಕುವುದು ಬೇಡ ಎಂದರು. ಆಶಾನ್ ಮಾತ್ರ ಆ ವಾರವೇ ಕೆಲಸ ಬಿಟ್ಟರು. ನಾನು ಮನೆಗೆ ಹೋಗಿ ಎಷ್ಟು ಕೇಳಿದರೂ ವಯಸ್ಸಾಯಿತು ಎಂಬ ಒಂದೇ ಉತ್ತರ. ಆಮೇಲೆ ತಿರುವನಂತಪುರದಲ್ಲಿದ್ದ ಮಗಳ ಮನೆಗೆ ಹೊರಟುಹೋದರು. ನಾನು ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದೆ, ನಂತರ ಅದೂ ಕಡಿಮೆಯಾಯಿತು. ನಾಚಿಕೆಯಿಂದಲೇ ಹೇಳುತ್ತೇನೆ, ಅವರು ಎದುರಿಗೆ ಇಲ್ಲದ್ದು ನನಗೆ ಒಂದು ಥರ ನಿರಾಳವಾಗಿತ್ತು.

ಆ ವರ್ಷ ವಿಷುವಿನ ಹಿಂದಿನ ವಾರ ಅವರ ಮಗಳು ಫೋನ್ ಮಾಡಿದಳು. ಅಪ್ಪನಿಗೆ ಹೊಟ್ಟೆಯಲ್ಲಿ ಗಡ್ಡೆ, ಉಳ್ಳೂರಿನ ಹತ್ತಿರ ಆಸ್ಪತ್ರೆಗೆ ಸೇರಿಸಿದ್ದೇವೆ, ವಿಷು ಕಳೆದ ಮರುದಿನ ಆಪರೇಷನ್, ನಿಮ್ಮ ಹತ್ತಿರ ಮಾತಾಡಬೇಕಂತೆ ಎಂದಳು. ಆಶಾನ್ ಫೋನು ತೆಗೆದುಕೊಂಡು ಮಗಳನ್ನು ಹೊರಗೆ ಕಳಿಸಿದರು. ಆಮೇಲೆ ಹೇಳಿದರು.

"ಸಾರೇ, ಆ ಮೋಟರು ಇನ್ನೂ ಅಲ್ಲಿಯೇ ಬಿದ್ದಿದೆಯಾ?"

"ಇರಬೇಕು. ಯಾಕೆ ಆಶಾನೇ?"

"ಅದನ್ನು ಕಟ್ಟಿದ್ದು ನನಗೆ ಪೂರ್ತಿ ನೆನಪಿದೆ. ಒಂದು ಜಾಗ ಬಿಟ್ಟು. ಪ್ಲೇಟಿನ ಹಿಂದಿನ ಸೀಲು ಕೂರಿಸುತ್ತಿದ್ದೆ, ಆಗ ಫೋನು ಬಂತು. ಮಗಳಿಗೆ ಹೆರಿಗೆಯಾಯಿತು, ಹೆಣ್ಣು ಅಂತ. ನಾನು ಎದ್ದು ಹೋಗಿ ಎಲ್ಲರಿಗೂ ಚಾ ಹೇಳಿದೆ. ತಿರುಗಿ ಬಂದು ಮುಚ್ಚಳ ಹಾಕಿದ್ದು ನೆನಪಿದೆ. ನಡುವೆ ಸೀಲನ್ನು ಬೆರಳಲ್ಲಿ ಸುತ್ತಲೂ ಒತ್ತಿ ನೋಡಿದೆನಾ ಇಲ್ಲವಾ, ಅದು ಮಾತ್ರ ನೆನಪಿಲ್ಲ. ಎಷ್ಟು ಯೋಚನೆ ಮಾಡಿದರೂ ಬರುವುದಿಲ್ಲ. ನೀವು ಬಿಚ್ಚಿ ನೋಡಿ. ನನ್ನ ತಪ್ಪಾದರೆ ನನ್ನದು ಅಂತ ಹೇಳಿ. ಬೇಜಾರಿಲ್ಲ. ಆದರೆ ಗೊತ್ತಾಗದೆ ಆ ಟೇಬಲ್ ಮೇಲೆ ಮಲಗಲಿಕ್ಕೆ ನನ್ನಿಂದ ಆಗುವುದಿಲ್ಲ. ಪ್ಲೇಟುಗಳನ್ನೂ ತನ್ನಿ. ನಾನು ಕೈಯಲ್ಲಿ ಹಿಡಿಯಬೇಕು."

ಮೊಮ್ಮಗಳು ಹುಟ್ಟಿದ ಸುದ್ದಿಯನ್ನು ಅಷ್ಟು ವರ್ಷ ಈ ರೀತಿ ಹೊತ್ತುಕೊಂಡಿದ್ದರು ಎಂದು ನನಗೆ ಗೊತ್ತೇ ಇರಲಿಲ್ಲ.

ದೋಣಿಕಟ್ಟೆಯವರು ಮೋಟರನ್ನು ಗೋಣಿಯಲ್ಲಿ ಸುತ್ತಿ ಮೂಲೆಗೆ ಎಸೆದಿದ್ದರು. ತೆಗೆದುಕೊಂಡು ಹೋಗಿ, ಅದರ ಮುಖ ನೋಡುವುದೂ ಬೇಡ ಎಂದರು. ವರ್ಕ್‌ಶಾಪಿಗೆ ತರುವ ಹಾಗಿರಲಿಲ್ಲವಾದ್ದರಿಂದ ಶನಿವಾರ ಆಟೋದಲ್ಲಿ ಮನೆಗೇ ತಂದೆ. ಮನೆಯಲ್ಲಿ ಇರುವುದು ನಾನು ಮತ್ತು ಅಮ್ಮ. ನನಗೆ ಮದುವೆಯಾಗಲಿಲ್ಲ, ಅದು ಬೇರೆ ಕತೆ, ಇಲ್ಲಿ ಬೇಡ. ಅಪ್ಪ ಹೋದ ಮೇಲೆ ಅಮ್ಮ ಕಾಸರಗೋಡು ಬಿಟ್ಟು ನನ್ನ ಜೊತೆಗೆ ಬಂದು ಹನ್ನೆರಡು ವರ್ಷವಾಗಿತ್ತು. ಇಲ್ಲಿನ ಮನೆಗಳಲ್ಲಿ ಅಡುಗೆಮನೆಯ ಹಿಂದೆ ವರ್ಕ್ ಏರಿಯಾ ಎಂದು ಒಂದು ಜಾಗ ಇರುತ್ತದೆ, ಪಾತ್ರೆ ತೊಳೆಯುವುದು, ತೆಂಗಿನಕಾಯಿ ಸುಲಿಯುವುದು ಎಲ್ಲ ಅಲ್ಲಿ. ಅದರ ಅರ್ಧ ಅಮ್ಮನದು, ಅರ್ಧ ನನ್ನದು. ಆ ದಿನ ಅವರ ಅರ್ಧದಲ್ಲಿ ವಿಷುವಿನ ತಯಾರಿ. ಮನೆಯ ಹಿತ್ತಾಳೆ ಕಂಚು ಎಲ್ಲ ಹೊರಗೆ ಬಂದಿತ್ತು. ದೀಪ, ಅಗಲ ಬಾಯಿಯ ಉರುಳಿ, ವಿಷುವಿನ ಬೆಳಿಗ್ಗೆ ಕಣ್ಣು ಬಿಟ್ಟೊಡನೆ ನೋಡುವ ಕಣಿಯನ್ನು ಜೋಡಿಸಿಡುವ ಹರಿವಾಣ, ಗಂಟೆ. ಹುಣಸೆಹುಳಿ ಕಿವುಚಿದ ನೀರಿನಲ್ಲಿ ನೆನೆಹಾಕಿದ್ದರು.

ನನ್ನ ಅರ್ಧದಲ್ಲಿ ಮಲಯಾಳ ಪೇಪರು ಹಾಸಿ ಮೋಟರನ್ನು ಇಟ್ಟೆ. ಗೆರೆ ಎಳೆದು, ಬೋಲ್ಟುಗಳನ್ನು ಎದುರು ಬದುರಾಗಿ ಸ್ವಲ್ಪ ಸ್ವಲ್ಪವೇ ಸಡಿಲಿಸಿದೆ. ಮುಚ್ಚಳ ಬಿಡಲಿಲ್ಲ. ಸ್ಕ್ರೂಡ್ರೈವರ್ ತುರುಕಿ ಮೀಟಿದರೆ ಒಂದೇ ನಿಮಿಷದ ಕೆಲಸ, ಆದರೆ ಹಾಗೆ ಮಾಡಿದವರನ್ನು ಆಶಾನ್ ಕಟುಕರು ಎನ್ನುತ್ತಿದ್ದರು. ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟುತ್ತ ಕೂತೆ. ಕೊನೆಗೆ ಮುಚ್ಚಳ ಬಿಟ್ಟುಕೊಂಡಾಗ ಸುಟ್ಟ ಎಣ್ಣೆಯ ವಾಸನೆ ಮುಖಕ್ಕೆ ಬಡಿಯಿತು. ಅಮ್ಮ ಅಡುಗೆಮನೆಯಿಂದಲೇ ಕೇಳಿದರು.

"ಎಂತ ಮಾರಾಯ ಅದು, ಯಾರ ಮನೆಯ ಗಲೀಜು ಇಲ್ಲಿಗೆ ತಂದದ್ದು?"

"ಆಶಾನ್‌ದು ಅಮ್ಮ. ಹುಷಾರಿಲ್ಲ ಅಲ್ವಾ ಅವರಿಗೆ, ನಾಳೆ ಒಂದು ಸಾಮಾನು ತೋರಿಸ್ಲಿಕ್ಕುಂಟು."

"ಪಾಪ," ಎಂದರು ಅಮ್ಮ. ಆಶಾನ್ ಮನೆಗೆ ಬಂದಾಗಲೆಲ್ಲ ಅಮ್ಮನ ನೀರುದೋಸೆಯನ್ನು ಎಣಿಕೆಯಿಲ್ಲದೆ ತಿಂದವರು. ಒಬ್ಬರ ಭಾಷೆ ಇನ್ನೊಬ್ಬರಿಗೆ ತಿಳಿಯದಿದ್ದರೂ ಅಮ್ಮನಿಗೆ ಅವರನ್ನು ಕಂಡರೆ ಬಹಳ ಇಷ್ಟ.

ಚಕ್ರಗಳನ್ನು ತೆಗೆದೆ. ಮಗ್ಗುಲುಗಳು ನೀಲಿಗಟ್ಟಿದ್ದವು. ಮೋಟರಿನ ದೇಹದ ಒಳಗೂ ಗಾಯ. ಆದರೆ ಗಾಯ ಯಾವುದರಿಂದ ಶುರುವಾಯಿತು ಎಂಬುದನ್ನು ಅವು ಹೇಳುವುದಿಲ್ಲ. ಸೀಲು ಬೆಂದು ಇದ್ದಿಲಿನ ಹಾಗೆ ಪುಡಿಯಾಗಿತ್ತು, ಅದೂ ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಇರಲಿಲ್ಲ. ಉಳಿದದ್ದು ಎರಡು ಕಂಚಿನ ಪ್ಲೇಟುಗಳು. ದೋಣಿಕಟ್ಟೆಯವರು ಎಣ್ಣೆಯ ಫಿಲ್ಟರ್ ಬದಲಿಸದೆ ಮರಳು, ತುಕ್ಕು ಒಳಗೆ ಹೋಗಿದ್ದರೆ ಪ್ಲೇಟಿನ ಮುಖದಲ್ಲಿ ಸುತ್ತಲೂ ಸಮನಾಗಿ ಸಣ್ಣ ಸಣ್ಣ ಗೀರುಗಳಿರಬೇಕು. ಸೀಲು ಸರಿಯಾಗಿ ಕೂರದೆ ಪ್ಲೇಟು ವಾಲಿದ್ದರೆ ಗೀರುಗಳೆಲ್ಲ ಒಂದೇ ಬದಿಗೆ, ಆಳವಾಗಿ. ಅಷ್ಟೇ ವಿಷಯ. ಒಬ್ಬ ಮನುಷ್ಯನ ಸಾವಿಗೆ ಇನ್ನೊಬ್ಬ ಮನುಷ್ಯ ಕಾರಣನೋ ಅಲ್ಲವೋ ಎಂಬುದು ಅಂಗೈಯಷ್ಟು ಕಂಚಿನ ಮೇಲೆ ಬರೆದಿತ್ತು.

ಪ್ಲೇಟುಗಳ ಮೇಲೆ ಎಣ್ಣೆ ಹೆಪ್ಪುಗಟ್ಟಿ ಕಪ್ಪಗೆ ಅಂಟಿತ್ತು. ಒಂದರ ಮೇಲೆ ಉಗುರು ಎಳೆದೆ. ಎಲ್ಲೋ ಸಿಕ್ಕಿಕೊಂಡಿತು, ಆದರೆ ಕೊಳೆಗೋ ಗೀರಿಗೋ ಹೇಳಲಾಗಲಿಲ್ಲ. ಬೆಳಕು ಇಳಿಯುತ್ತಿತ್ತು. ಲೈಟು ಹಾಕಿಕೊಂಡು ಒರೆಸಿ ನೋಡಬಹುದಿತ್ತು. ಹತ್ತು ನಿಮಿಷ ಸಾಕಿತ್ತು. ಆದರೆ ನಾನು ಆಶಾನ್‌ನ ಶಿಷ್ಯ, ಟ್ಯೂಬ್‌ಲೈಟಿನ ಕೆಳಗೆ ಪ್ಲೇಟು ನೋಡುವವನಲ್ಲ. ಬೆಳಿಗ್ಗೆ ಓರೆ ಬಿಸಿಲಿನಲ್ಲಿ ಸರಿಯಾಗಿ ನೋಡುತ್ತೇನೆ ಎಂದು ಎರಡನ್ನೂ ಒಂದು ಹಳೆಯ ಸ್ಟೀಲ್ ತಟ್ಟೆಯಲ್ಲಿ ಸೀಮೆಎಣ್ಣೆ ಹೊಯ್ದು ಮುಳುಗಿಸಿದೆ. ತಟ್ಟೆಯನ್ನು ಯಾರ ಕಾಲಿಗೂ ಸಿಗದ ಹಾಗೆ ಕಟ್ಟೆಯ ಮೇಲೆ, ಅಮ್ಮನ ಹುಳಿನೀರಿನ ಬಕೆಟ್ಟಿನ ಪಕ್ಕ ಇಟ್ಟೆ. ಈ ಮಾತನ್ನು ಬರೆಯುವಾಗಲೂ ನನಗೆ ನನ್ನ ತಲೆಯ ಮೇಲೆ ನಾನೇ ಕುಟ್ಟಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಕಡೆಯ ಮನೆಗಳಲ್ಲಿ ಹಬ್ಬಕ್ಕೆಂದು ನೆನೆಹಾಕಿದ್ದನ್ನು ಮರುದಿನ ಮೊದಲು ಎದ್ದವರು ತಿಕ್ಕಬೇಕು. ಯಾರು ಹಾಕಿದ್ದು, ಯಾರದ್ದು ಎಂದು ಕೇಳುವ ಕ್ರಮವಿಲ್ಲ. ನೆನೆದದ್ದು ಕಂಡರೆ ತಿಕ್ಕುವುದು, ಅಷ್ಟೇ. ನನ್ನ ಮನೆಯಲ್ಲಿ ಮೊದಲು ಏಳುವವರು ಅಮ್ಮ. ನಾನು ಆರೂವರೆಗೆ, ಬಿಸಿಲು ಬೀಳುವ ಹೊತ್ತಿಗೆ ಸರಿಯಾಗಿ ಹೊರಗೆ ಬಂದೆ. ಕಟ್ಟೆಯ ಮೇಲೆ ಬಿಳಿ ಬಟ್ಟೆ ಹಾಸಿ ಎಲ್ಲವನ್ನೂ ಸಾಲಾಗಿ ಒಣಗಲು ಇಟ್ಟಿದ್ದರು. ದೀಪ, ಉರುಳಿ, ಹರಿವಾಣ, ಗಂಟೆ. ಕೊನೆಯಲ್ಲಿ ಎರಡು ಪ್ಲೇಟು, ಚಿನ್ನದ ಬಣ್ಣ ಬಂದಿತ್ತು.

"ನಿನ್ನ ಎರಡು ತುಂಡು ಸಹ ತೊಳ್ದಿದ್ದೇನೆ ನೋಡು," ಎಂದರು ಅಮ್ಮ. "ಎಂತ ಕಿಲುಬು ಮಾರಾಯ. ಸೀಮೆಎಣ್ಣೆಗೆಲ್ಲ ಹೋಗ್ತದಾ ಅದು? ಹುಳಿ, ಇಟ್ಟಿಗೆ ಪುಡಿ ಹಾಕಿ ತಿಕ್ಕಿದೆ. ಆದ್ರೂ ಗೀರು ಗೀರು ಉಂಟು. ಮತ್ತೆ ನಿನ್ನ ಪೆಟ್ಟಿಗೆಯಲ್ಲಿ ಒಂದು ಕಪ್ಪು ಕಾಗದ ಇತ್ತಲ್ಲ, ಉರುಟು ಉರುಟು, ಅದನ್ನು ಹಾಕಿ ಉಜ್ಜಿದ್ಮೇಲೆ ಸರಿಯಾಯ್ತು. ಹುಷಾರಿಲ್ಲದವರಿಗೆ ತೋರಿಸುವುದು, ಚಂದ ಇರ್ಬೇಕಲ್ಲ."

ಕಪ್ಪು ಕಾಗದ ಎಂದರೆ ಎಮರಿ ಪೇಪರು, ಲೋಹವನ್ನೇ ತೇಯುವಂಥದ್ದು. "ಯಾರು ಮುಟ್ಲಿಕ್ಕೆ ಹೇಳಿದ್ದು ಅದನ್ನು?" ಎಂದು ಗದರಿದೆ. ಅಮ್ಮನ ಮುಖ ಸಪ್ಪಗಾಯಿತು. ಹುಳಿಯಿಂದ ಕಂದಾಗಿದ್ದ ಬೆರಳುಗಳನ್ನು ಸೆರಗಿಗೆ ಒರೆಸಿಕೊಂಡು, "ಬೇಡಿತ್ತಾ?" ಎಂದು ಮೆಲ್ಲಗೆ ಕೇಳಿದರು. ಎಪ್ಪತ್ತೆಂಟರ ವಯಸ್ಸಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು ಅಷ್ಟೂ ತಿಕ್ಕಿದ್ದಾರೆ. ನನ್ನ ಕೋಪ ಎಲ್ಲಿಗೆ ಹೋಯಿತೋ. ಬಾಯಿಗೆ ಬಂದದ್ದೆಲ್ಲ ನುಂಗಿ, "ಇಲ್ಲಮ್ಮ, ಒಳ್ಳೇದೇ ಆಯ್ತು" ಎಂದೆ.

ಪ್ಲೇಟುಗಳನ್ನು ಬಿಸಿಲಿಗೆ ಓರೆಯಾಗಿ ಹಿಡಿದೆ. ಗೆರೆಗಳಿದ್ದವು, ಎಲ್ಲವೂ ಒಂದೇ ದಿಕ್ಕಿಗೆ, ಅಮ್ಮನ ಕೈ ಹೋಗಿ ಬಂದ ದಿಕ್ಕಿಗೆ. ಉಗುರು ಎಲ್ಲಿಯೂ ಸಿಕ್ಕಲಿಲ್ಲ. ಮೈಕ್ರೋಮೀಟರ್ ಹಿಡಿದು ಎಂಟು ಕಡೆ ದಪ್ಪ ಅಳೆದೆ. ಒಂದು ಬದಿ ಕೂದಲೆಳೆಯ ಅರ್ಧದಷ್ಟು ತೆಳುವಾಗಿತ್ತು. ಅದು ಮೋಟರಿನೊಳಗೆ ಸವೆದದ್ದೋ, ಅಮ್ಮನ ಬಲಗೈ ಆ ಬದಿಗೆ ಹೆಚ್ಚು ಒತ್ತಿದ್ದೋ, ಯಾವ ದೇವರೂ ಹೇಳಲಾರ. ಮತ್ತೆ ಅಳೆದೆ, ಮತ್ತೆ ಅಳೆದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ಅವರು ನೋಡುತ್ತಿದ್ದಾರೆಂದು ಅಳತೆ ನಿಲ್ಲಿಸಿ ಸ್ನಾನಕ್ಕೆ ಹೋದೆ.

ಪ್ಲೇಟುಗಳನ್ನು ಮನೆಯಲ್ಲಿಯೇ ಬಿಟ್ಟು ಹೋಗಬೇಕೆಂದುಕೊಂಡೆ. ತನ್ನಿ ಎಂದವರ ಎದುರಿಗೆ ಬರಿಗೈಯಲ್ಲಿ ಹೇಗೆ ಹೋಗುವುದು ಎಂದು ಮತ್ತೆ ಬಟ್ಟೆಯಲ್ಲಿ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ತ್ರಿಪ್ಪುಣಿತ್ತುರದಿಂದ ತಿರುವನಂತಪುರಕ್ಕೆ ರೈಲಿನಲ್ಲಿ ನಾಲ್ಕು ಗಂಟೆ. ಹಬ್ಬಕ್ಕೆ ಊರಿಗೆ ಹೋಗುವ ಜನ, ಕಣಿಗೆ ಇಡುವ ಹಳದಿ ಕೊನ್ನೆ ಹೂವಿನ ಕಟ್ಟುಗಳು, ನಿಲ್ಲಲಿಕ್ಕೂ ಜಾಗವಿಲ್ಲ. ನಾನು ಬಾಗಿಲ ಹತ್ತಿರ ನಿಂತು ಲೆಕ್ಕ ಹಾಕುತ್ತಿದ್ದೆ. ಗೊತ್ತಿಲ್ಲ ಎಂದು ಹೇಳಿದರೆ ಅವರು ಆ ಟೇಬಲ್ ಮೇಲೆ ನೆಮ್ಮದಿಯಿಂದ ಮಲಗುವುದಿಲ್ಲ. ನಿಜ ಇನ್ನು ಯಾರಿಗೂ ಸಿಗುವ ಹಾಗಿಲ್ಲ. ಹಾಗಿದ್ದ ಮೇಲೆ ಒಂದು ಸುಳ್ಳು ಹೇಳಿದರೆ ಏನು ತಪ್ಪು? ಕೋಟ್ಟಯಂ ದಾಟುವಷ್ಟರಲ್ಲಿ ಸುಳ್ಳನ್ನು ಪೂರ್ತಿ ಕಟ್ಟಿಕೊಂಡಿದ್ದೆ. ಅದನ್ನು ನನ್ನೊಳಗೇ ಹೇಳಿ ಹೇಳಿ ನೋಡಿದೆ. ಕೊಲ್ಲಂ ಬರುವಾಗ ನನಗೇ ನಂಬಿಕೆ ಬರುವಷ್ಟು ಚೆನ್ನಾಗಿತ್ತು.

ಉಳ್ಳೂರ್ ಜಂಕ್ಷನ್ನಿನಲ್ಲಿ ಬಸ್ಸಿಳಿದು ಕಿತ್ತಳೆ ಕಟ್ಟಿಸಿಕೊಂಡು ಹೋದೆ. ಎರಡು ಹಾಸಿಗೆಯ ಕೋಣೆ. ಕಿಟಕಿಯ ಕಡೆಯ ಹಾಸಿಗೆಯಲ್ಲಿ ಆಶಾನ್ ಇದ್ದರು. ನಾನು ಮೊದಲು ಬೇರೆಯವರೆಂದುಕೊಂಡೆ, ಅಷ್ಟು ಇಳಿದುಹೋಗಿದ್ದರು. ಮಗಳು ಗಂಜಿ ಕುಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ಚಮಚ ಪಕ್ಕಕ್ಕೆ ಸರಿಸಿದರು. ಕೈ ಚಾಚಿದರು, ಹಿಡಿದುಕೊಂಡೆ. ಹೆಬ್ಬೆರಳು ಸವರಿದಾಗ ಗೊತ್ತಾಯಿತು, ಉಗುರುಗಳನ್ನೆಲ್ಲ ಬುಡದವರೆಗೆ ಕತ್ತರಿಸಿದ್ದರು. ಆಪರೇಷನ್ನಿಗೆ ಮೊದಲು ಹಾಗೆ ಮಾಡುತ್ತಾರಂತೆ.

"ಬಿಚ್ಚಿದಿರಾ?"

"ಬಿಚ್ಚಿದೆ."

"ಗೆರೆ ಎಳೆದು?"

"ಎಳೆದೇ ಬಿಚ್ಚಿದ್ದು."

ನಕ್ಕರು. "ಹೇಳಿ ಹಾಗಾದರೆ."

"ಎಣ್ಣೆಯ ಕೊಳೆ ಆಶಾನೇ," ಎಂದೆ. "ಎರಡೂ ಪ್ಲೇಟಿನಲ್ಲಿ ಸುತ್ತಲೂ ಸಮನಾಗಿ ಗೀರು. ಒಂದು ಬದಿಗೆ ಹೆಚ್ಚು, ಒಂದು ಬದಿಗೆ ಕಡಿಮೆ ಅಂತ ಇಲ್ಲ. ಮರಳು ಹೋಗಿದೆ ಒಳಗೆ. ಫಿಲ್ಟರ್ ಬದಲಿಸಿಲ್ಲ ಅವರು. ನಿಮ್ಮ ಸೀಲು ಸರಿಯಾಗಿಯೇ ಕೂತಿತ್ತು."

ಅವರು ಕಣ್ಣು ಮುಚ್ಚಿದರು. ಎದೆ ಒಮ್ಮೆ ಮೇಲೆದ್ದು ಇಳಿಯಿತು. ಮುಖದ ಗಂಟುಗಳೆಲ್ಲ ಸಡಿಲವಾದವು. ಮಗಳಿಗೆ ಏನೂ ಪೂರ್ತಿ ಅರ್ಥವಾಗದಿದ್ದರೂ ಅಪ್ಪನ ಮುಖ ನೋಡಿ ಅವಳ ಕಣ್ಣು ತುಂಬಿತು. ಆ ಅರ್ಧ ನಿಮಿಷ ನಾನು ನನ್ನ ಜೀವನದಲ್ಲಿ ಮಾಡಿದ ಒಳ್ಳೆಯ ಕೆಲಸ ಇದೊಂದೇ ಎಂದುಕೊಂಡೆ. ಅಲ್ಲಿಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು.

"ಕೊಡಿ, ನೋಡುವ," ಎಂದರು ಕಣ್ಣು ಬಿಟ್ಟು.

"ಆಮೇಲೆ ನೋಡಿದರಾಯಿತು. ಗಂಜಿ ಮುಗಿಸಿ ಮೊದಲು. ಬ್ಯಾಗಿನ ಅಡಿಯಲ್ಲೆಲ್ಲೋ ಇದೆ."

ಮಗಳು, ಅಪ್ಪ ಕೇಳಿದ್ದು ಕೊಡುವ ಉತ್ಸಾಹದಲ್ಲಿ, ನಾನು ಬೇಡ ಎನ್ನುವ ಮೊದಲೇ ಬ್ಯಾಗು ತೆಗೆದು ಬಟ್ಟೆಯ ಗಂಟನ್ನು ಅವರ ಕೈಗಿಟ್ಟಳು.

ಆಶಾನ್ ಗಂಟು ಬಿಚ್ಚಿದರು. ಮೊದಲು ಅಭ್ಯಾಸದಂತೆ ಹೆಬ್ಬೆರಳು ಎಳೆದರು, ಉಗುರಿಲ್ಲ. ಆಮೇಲೆ ಬೆರಳ ತುದಿಯಿಂದ ಸವರಿದರು, ಸುತ್ತಲೂ, ನಿಧಾನವಾಗಿ. ಎರಡನೆಯದನ್ನೂ ಹಾಗೆಯೇ. ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ತಿರುಗಿಸಿದರು. ನನಗೆ ಕಲಿಸಿದ್ದು ಅದೇ ಕೈ.

"ಪಾಲಿಶ್ ಆಗಿದೆ," ಎಂದರು.

"ಅದು ನಾನಲ್ಲ ಆಶಾನೇ. ಅಮ್ಮ. ವಿಷುವಿಗೆ ದೀಪ ಎಲ್ಲ ನೆನೆಹಾಕಿದ್ದರು. ಇದೂ ಅದರ ಪಕ್ಕದಲ್ಲಿತ್ತು. ಬೆಳಿಗ್ಗೆ ನಾನು ಏಳುವ ಮೊದಲೇ ಹುಳಿ ಹಾಕಿ ತಿಕ್ಕಿಬಿಟ್ಟಿದ್ದಾರೆ." ಹೇಳುತ್ತಿರುವಾಗಲೇ ಅದು ಎಷ್ಟು ಬಡ ಸುಳ್ಳಿನ ಹಾಗೆ ಕೇಳುತ್ತದೆ ಎಂದು ನನ್ನ ಕಿವಿಗೇ ಗೊತ್ತಾಯಿತು.

"ನೀವು ಏಳುವ ಮೊದಲು," ಎಂದರು. "ಹಾಗಾದರೆ ಸುತ್ತಲೂ ಸಮನಾಗಿ ಗೀರು ಇದ್ದದ್ದನ್ನು ಯಾವಾಗ ನೋಡಿದಿರಿ ಸಾರೇ? ರಾತ್ರಿ ಲೈಟಿನಲ್ಲಿಯಾ?"

ಅವರು ನನ್ನನ್ನು ಇಪ್ಪತ್ತೈದು ವರ್ಷದಿಂದ ಬಲ್ಲವರು. ನಾನು ಲೈಟಿನಲ್ಲಿ ನೋಡುವವನಲ್ಲ ಎಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ನಿಜ ಹೇಳುತ್ತೇನೆ," ಎಂದೆ. "ನಾನು ನೋಡಲೇ ಇಲ್ಲ. ಕೊಳೆಯೋ ಸೀಲೋ ನನಗೆ ಗೊತ್ತಿಲ್ಲ. ಇನ್ನು ಯಾರಿಗೂ ಗೊತ್ತಾಗುವ ಹಾಗಿಲ್ಲ. ನಿಮಗೆ ಸಮಾಧಾನವಾಗಲಿ ಅಂತ ಮೊದಲು ಹಾಗೆ ಹೇಳಿದೆ. ಅಮ್ಮ ತಿಕ್ಕಿದ್ದು ಮಾತ್ರ ಸತ್ಯ. ಈಗಲೇ ಅಮ್ಮನಿಗೆ ಫೋನ್ ಮಾಡಿ ಕೊಡುತ್ತೇನೆ, ನೀವೇ ಕೇಳಿ."

"ಅಮ್ಮ ಕನ್ನಡದಲ್ಲಿ ಏನು ಹೇಳಿದರೂ ಅದರ ಅರ್ಥ ಹೇಳುವವರು ನೀವೇ ಅಲ್ಲವಾ," ಎಂದರು. ಕೋಪವಿರಲಿಲ್ಲ. ನನ್ನ ಕೈಯನ್ನು ತಟ್ಟಿದರು. "ಪಾಪ, ಆ ಅಮ್ಮನನ್ನು ಯಾಕೆ ಎಳೆಯುತ್ತೀರಿ ಇದಕ್ಕೆ. ನನ್ನ ಮೇಲಿನ ಪ್ರೀತಿಗೆ ಮಾಡಿದ್ದೀರಿ. ಒಂದೇ ಬದಿಯಲ್ಲಿ ಇತ್ತಲ್ಲವಾ ಗೀರು? ನೀವು ಹೇಳುವುದು ಬೇಡ. ಎಮರಿ ಹಾಕಿದ್ದು ಕೈಗೆ ಗೊತ್ತಾಗುತ್ತದೆ. ಹಬ್ಬದ ದೀಪಕ್ಕೆ ಯಾರು ಎಮರಿ ಹಾಕುತ್ತಾರೆ ಸಾರೇ?"

ನಾನು ಅಮ್ಮನ ಮೇಲೆ ಆಣೆ ಇಟ್ಟೆ. ಆಣೆ ಬೇಡ ಎಂದರು. ಮತ್ತೆ ಮೊದಲಿನಿಂದ ಹೇಳಲು ಹೊರಟೆ. ಅವರು ಮಗಳನ್ನು ಕರೆದು, "ಮೋಳೇ, ಸಾರಿಗೆ ಚಾ ತಂದುಕೊಡು" ಎಂದರು. ಪ್ಲೇಟುಗಳನ್ನು ಮೊದಲಿನ ಹಾಗೆಯೇ ಬಟ್ಟೆಯಲ್ಲಿ ಸುತ್ತಿ, ಗಂಟು ಹಾಕಿ ನನ್ನ ಕೈಗೆ ಕೊಟ್ಟರು. ಆಮೇಲೆ ವರ್ಕ್‌ಶಾಪಿನ ಹುಡುಗರ ಬಗ್ಗೆ, ನನ್ನ ಬಿಪಿ ಬಗ್ಗೆ ವಿಚಾರಿಸಿದರು. ಗಂಜಿಯನ್ನೂ ಪೂರ್ತಿ ಕುಡಿದರು. ಹೊರಡುವಾಗ, "ಗೊತ್ತಾಯಿತಲ್ಲ, ಅಷ್ಟು ಸಾಕು" ಎಂದರು. ನಾನು ಮೆಟ್ಟಿಲ ಹತ್ತಿರ ನಿಂತು ಅತ್ತೆ. ಯಾರೋ ನೀರು ತಂದುಕೊಟ್ಟರು.

ಮನೆ ಸೇರಿದಾಗ ಅಮ್ಮ ಎಚ್ಚರವಾಗಿಯೇ ಇದ್ದರು. ಮರುದಿನದ ಕಣಿಗೆ ಹರಿವಾಣದಲ್ಲಿ ಸೌತೆಕಾಯಿ, ಅಕ್ಕಿ, ಕನ್ನಡಿ ಎಲ್ಲ ಜೋಡಿಸಿಯಾಗಿತ್ತು.

"ಕಂಡ್ರಾ ಅವರು? ಖುಷಿಯಾಯ್ತಾ?" ಎಂದು ಕೇಳಿದರು.

"ಆಯ್ತಮ್ಮ."

"ನಾನು ಹೇಳಿದೆ ಅಲ್ವಾ, ಹೊಳೆಯುವುದನ್ನು ಕಂಡ್ರೆ ಹುಷಾರಿಲ್ಲದವರಿಗೂ ಮನಸ್ಸಿಗೆ ಹಿತ ಆಗ್ತದೆ," ಎಂದು ಮಲಗಲು ಹೋದರು. ಅವರಿಗೆ ನಾನು ಇವತ್ತಿನವರೆಗೆ ಏನೂ ಹೇಳಿಲ್ಲ. ಹೇಳುವುದೂ ಇಲ್ಲ. ಕೆಲವೊಮ್ಮೆ ಕಾರಣವಿಲ್ಲದೆ ಅವರ ಮೇಲೆ ರೇಗುತ್ತೇನೆ, ಆಮೇಲೆ ಎರಡು ದಿನ ಮುಖ ತಪ್ಪಿಸಿ ತಿರುಗುತ್ತೇನೆ. ಮಗನಿಗೆ ವಯಸ್ಸಾಗುತ್ತಿದೆ ಎಂದು ಅವರು ಪಕ್ಕದ ಮನೆಯವರ ಹತ್ತಿರ ಹೇಳುತ್ತಾರಂತೆ.

ಆಪರೇಷನ್ ಆಗಿ ಐದನೆಯ ದಿನ ಆಶಾನ್ ತೀರಿಕೊಂಡರು. ಅಂತ್ಯಕ್ರಿಯೆಗೆ ಹೋಗಿ ಬಂದೆ, ಅಲ್ಲಿ ಮಗಳ ಹತ್ತಿರ ಮಾತಾಡುವುದಾಗಲಿಲ್ಲ. ಒಂದು ತಿಂಗಳ ನಂತರ ಅವಳೇ ಫೋನ್ ಮಾಡಿದಳು. ನೀವು ಬಂದು ಹೋದ ದಿನ ಅಪ್ಪ ಎಷ್ಟೋ ದಿನದ ಮೇಲೆ ಚೆನ್ನಾಗಿ ನಿದ್ದೆ ಮಾಡಿದರು, ಅದಕ್ಕೆ ಥ್ಯಾಂಕ್ಸ್ ಹೇಳಬೇಕಿತ್ತು ಎಂದಳು. ಆಮೇಲೆ ಇನ್ನೊಂದು ವಿಷಯ ಹೇಳಿದಳು.

"ಮರುದಿನ ಅಪ್ಪ ನನಗೊಂದು ಕೆಲಸ ಹೇಳಿದ್ದರು ಸಾರ್. ದೋಣಿಕಟ್ಟೆಯಲ್ಲಿ ಸತ್ತುಹೋದವರ ಮನೆಗೆ ಹೋಗಿ, ಅದು ನನ್ನ ಅಪ್ಪನ ಕೈಯಿಂದ ಆದ ತಪ್ಪು ಅಂತ ಹೇಳಿ ಬರಬೇಕು ಅಂತ. ಮೊನ್ನೆ ಕೊಚ್ಚಿಗೆ ಬಂದಿದ್ದೆ. ಹೋಗಿ ಹೇಳಿದೆ. ಅವರ ಹೆಂಡತಿ ಅಳಲಿಲ್ಲ, ಬೈಯಲೂ ಇಲ್ಲ. ನನ್ನನ್ನೇ ನೋಡುತ್ತ ನಿಂತರು. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ಹೊರಗೆ ತುಂಬ ಹೊತ್ತು ನಿಂತಿದ್ದೆ."

ಆ ಮೋಟರಿನ ವಿಷಯವನ್ನು ಅವಳಿಗೆ ಮೊದಲಿನಿಂದ ಹೇಳಿದೆ. ಪ್ಲೇಟು, ಹುಳಿ, ಎಮರಿ, ನಾನು ರೈಲಿನಲ್ಲಿ ಕಟ್ಟಿದ ಸುಳ್ಳು, ಒಂದನ್ನೂ ಬಿಡಲಿಲ್ಲ. ನಿನ್ನ ಅಪ್ಪನ ತಪ್ಪು ಎಂದು ಯಾರೂ ಹೇಳುವ ಹಾಗಿಲ್ಲ, ನನಗೆ ನಿಜವಾಗಿ ಗೊತ್ತಿಲ್ಲ ಎಂದೆ. ನಾನು ಮುಗಿಸಿದ ಮೇಲೆ ಅವಳು ಬಹಳ ಮರ್ಯಾದೆಯಿಂದ ಹೇಳಿದಳು.

"ಸಾರ್ ನನ್ನ ಹತ್ತಿರವೂ ಹೀಗೆಯೇ ಹೇಳುತ್ತಾರೆ, ಅವರು ಅಷ್ಟು ಒಳ್ಳೆಯವರು ಅಂತ ಅಪ್ಪ ಮೊದಲೇ ಹೇಳಿದ್ದರು."